ಹಾನಗಲ್ಲದವರಲ್ಲದ ಹಾನಗಲ್ ಸಾಹೇಬರು

ಹುಬ್ಬಳ್ಳಿ ದುರ್ಗದಬೈಲಿನ ಹತ್ತಿರ ಒಂದು ಟೇಲರ್ ಅಂಗಡಿ. ಮೊನ್ನೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋದಾಗ ಮಾತು ಸಿನಿಮಾಕ್ಕೆ ತಿರುಗಿತು. "ಶೋಲೆದಾಗ ಆ ಕುರುಡ ಮುದುಕ ಇದ್ರಲ್ರೀ, ಎ.ಕೆ. ಹಾನಗಲ್ ಅಂತ, ಅವ್ರು ನಮ್ಮ ಹಾನಗಲ್ಲದವ್ರೇನ್ರೀ?" ಎಂದು ಅಂಗಡಿಯವರು ಕೇಳಿದರು. ಗಂಗೂಬಾಯಿ ಹಾನಗಲ್ ಬಾಳಿದ ಊರು ಇದು. ಆ ಹೆಸರು ಕಿವಿಗೆ ಬಿದ್ದರೆ ನಮ್ಮವರೇ ಅನ್ನಿಸುವುದು ಸಹಜ.

ಅಲ್ಲ ಸ್ವಾಮೀ. ಅವತಾರ್ ಕಿಶನ್ ಹಾನಗಲ್ ಕಾಶ್ಮೀರಿ ಪಂಡಿತರ ಮನೆತನದವರು. ಹುಟ್ಟಿದ್ದು 1914ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್‌ನಲ್ಲಿ. ಕಾಶ್ಮೀರಿಯಲ್ಲಿ ಹಂಗುಲ್ ಅಂದರೆ ಸಾರಂಗ. ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲಿಗೂ ಅದಕ್ಕೂ ಸಂಬಂಧವಿಲ್ಲ. "ಆದರೆ ಅವರೂ ನಿಮ್ಮ ಕಸುಬಿನವರೇ" ಎಂದೆ. ಕತ್ತರಿ ಅಲ್ಲಿಗೇ ನಿಂತಿತು.

ಬ್ರಿಟಿಷರ ಚಾಕರಿ ಬೇಡವೆಂದು ಹೊಲಿಗೆ ಕಲಿತ ಆಸಾಮಿ ಇವರು. ಕರಾಚಿಯಲ್ಲಿ ಟೇಲರ್ ಕೆಲಸ, ಜೊತೆಗೆ ಕಮ್ಯುನಿಸ್ಟ್ ಚಳವಳಿ, ಅದರ ಫಲವಾಗಿ ಜೈಲು. 1949ರಲ್ಲಿ ಮುಂಬಯಿಗೆ ಬಂದರು. ಅಲ್ಲೂ ಕೊರಳಲ್ಲಿ ಅಳತೆ ಟೇಪು. ಬಿಡುವಾದರೆ ಬಲರಾಜ್ ಸಾಹನಿ, ಕೈಫಿ ಆಜ್ಮಿಯವರ ಜೊತೆ ಇಪ್ಟಾ ನಾಟಕ. ಮೊದಲ ಚಿತ್ರ 'ತೀಸ್ರಿ ಕಸಮ್' ತೆರೆಗೆ ಬಂದದ್ದು 1966ರಲ್ಲಿ. ಆಗಲೇ ಐವತ್ತು ದಾಟಿತ್ತು. ನಮ್ಮಲ್ಲಿ ಆ ವಯಸ್ಸಿಗೆ ಪಿಂಚಣಿ ಲೆಕ್ಕ ಹಾಕುತ್ತಾರೆ!

ಹಾಗಾಗಿ ತೆರೆಯ ಮೇಲೆ ಅವರನ್ನು ಹುಡುಗನಾಗಿ ಕಂಡವರೇ ಇಲ್ಲ. ತಂದೆ, ಕಾಕಾ, ಮಾಸ್ತರು, 'ನಮಕ್ ಹರಾಮ್'ನಲ್ಲಿ ಕಾರ್ಮಿಕ ಮುಖಂಡ. ಇನ್ನೂರಕ್ಕೂ ಹೆಚ್ಚು ಚಿತ್ರ. 1982ರ 'ಶೌಕೀನ್'ನಲ್ಲಿ ಮಾತ್ರ ಗೋವಾಕ್ಕೆ ಮಜಾ ಮಾಡಲು ಹೋಗುವ ಮೂವರು ಮುದುಕರಲ್ಲಿ ಒಬ್ಬರಾಗಿ ನಗಿಸಿದರು.

ಆದರೆ ಜನ ಮರೆಯದಿರುವುದು 'ಶೋಲೆ'ಯ ರಹೀಂ ಚಾಚಾನನ್ನು. ಅದು ಚಿತ್ರೀಕರಣವಾದದ್ದು ನಮ್ಮ ರಾಮನಗರದಲ್ಲಿ. ಬೆಂಗಳೂರು-ಮೈಸೂರು ಬಸ್ಸು ಹತ್ತಿದವರೆಲ್ಲ ಆ ಬೆಟ್ಟ ನೋಡಿರುತ್ತೀರಿ. ಬೀಡಿ ಕಾರ್ಖಾನೆ ಕೆಲಸಕ್ಕೆಂದು ಜಬಲ್ಪುರಕ್ಕೆ ಹೊರಟ ಮಗ ಹೆಣವಾಗಿ ಕುದುರೆಯ ಮೇಲೆ ಬರುತ್ತಾನೆ. ಊರೇ ಉಸಿರು ಬಿಗಿಹಿಡಿದು ನಿಂತಿದೆ. ಕಣ್ಣಿಲ್ಲದ ಅಪ್ಪ, ಯಾಕಿಷ್ಟು ಮೌನ ಎಂದು ಕೇಳುತ್ತಾನೆ. ಇಡೀ ಚಿತ್ರದಲ್ಲಿ ಅವರಿಗೆ ಸಿಕ್ಕಿದ್ದು ಕೆಲವೇ ನಿಮಿಷ. 1975ರಿಂದ ಇವತ್ತಿನವರೆಗೆ ಆ ಪ್ರಶ್ನೆ ಜನರ ಬಾಯಲ್ಲಿದೆ. ಕೆಲವರು ಅದನ್ನು ತಮಾಷೆಗೂ ಬಳಸುತ್ತಾರೆ, ಅದು ಬೇರೆ ಮಾತು.

ಇಂಥವರಿಗೂ ಬಂತು ನೋಡಿ ಗ್ರಹಚಾರ. ಹುಟ್ಟೂರು ನೋಡಿಬರುವ ಆಸೆಯಿಂದ ಪಾಕಿಸ್ತಾನದ ವೀಸಾ ಕೇಳಿದ್ದರು. 1993ರಲ್ಲಿ ಮುಂಬಯಿಯ ಪಾಕ್ ಕಾನ್ಸುಲೇಟಿನವರು ತಮ್ಮ ರಾಷ್ಟ್ರೀಯ ದಿನದ ಸಮಾರಂಭಕ್ಕೆ ಕರೆದರು, ಇವರು ಹೋಗಿಬಂದರು. ಶಿವಸೇನೆ ಕೆರಳಿ ಬಹಿಷ್ಕಾರ ಹಾಕಿತು. ಸ್ವಾತಂತ್ರ್ಯ ಚಳವಳಿಯಲ್ಲಿದ್ದ ಮನುಷ್ಯನಿಗೆ ದೇಶದ್ರೋಹಿ ಪಟ್ಟ! ನಿರ್ಮಾಪಕರು ಹೆದರಿ ದೂರ ಸರಿದರು. ಸುಮಾರು 2 ವರ್ಷ ಕೆಲಸವಿಲ್ಲ. ಹೀರೋ ಆದರೆ ಬಂಗಲೆಯಲ್ಲಿ ಕೂತು ತಿನ್ನಬಹುದು. ಪೋಷಕ ನಟನ ಪಾಡು ಅಂಗಡಿಗೆ ಬೀಗ ಬಿದ್ದ ವ್ಯಾಪಾರಿಯ ಪಾಡೇ.

ಆಮೇಲೆ ಪಾತ್ರಗಳು ಬಂದವು. 2001ರ 'ಲಗಾನ್'ನಲ್ಲಿ ಊರ ಹಿರಿಯನಾದರು. 2006ರಲ್ಲಿ ಪದ್ಮಭೂಷಣವೂ ಬಂತು. ಆದರೆ ಪದಕದಿಂದ ಔಷಧ ಸಿಗುವುದಿಲ್ಲವಲ್ಲ. 2011ರ ಹೊತ್ತಿಗೆ ಆಸ್ಪತ್ರೆ ಖರ್ಚಿಗೂ ತತ್ವಾರವೆಂದು ಸುದ್ದಿಯಾಯಿತು. ಆಗ ಚಿತ್ರರಂಗದ ಕೆಲವರು ನೆರವಾದರು.

ಮುದುಕರು ಮಾತ್ರ ಕೆಲಸ ಬಿಡಲಿಲ್ಲ. 2012ರಲ್ಲಿ 'ಮಧುಬಾಲಾ' ಟಿವಿ ಧಾರಾವಾಹಿಗೆ ಗಾಲಿಕುರ್ಚಿಯಲ್ಲೇ ಬಂದು ನಟಿಸಿದರು. ಅದೇ ವರ್ಷ 'ಕೃಷ್ಣ ಔರ್ ಕಂಸ್' ಕಾರ್ಟೂನ್ ಚಿತ್ರದ ಉಗ್ರಸೇನ ಮಹಾರಾಜನಿಗೆ ದನಿ ಕೊಟ್ಟರು. ಆಗಸ್ಟ್‌ನಲ್ಲಿ ಮನೆಯಲ್ಲಿ ಜಾರಿಬಿದ್ದು ಮೂಳೆ ಮುರಿಯಿತು. 26ರಂದು ತೀರಿಕೊಂಡರು. ಮಸಣಕ್ಕೆ ದೊಡ್ಡ ತಾರೆಯರು ಹೆಚ್ಚಾಗಿ ಕಾಣಲಿಲ್ಲವೆಂದು ಮರುದಿನದ ಪತ್ರಿಕೆಗಳು ಬರೆದವು.

ಟೇಲರ್ ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಐವತ್ತರ ತನಕ ಹೊಲಿದಾರಂದ್ರ ಕೈ ಛಲೋ ಇದ್ದಿರಬೇಕ್ರಿ" ಎಂದು ಮಷೀನಿನ ಮುಂದೆ ಕೂತರು.