ಜಾಗ ಕೊಟ್ಟಷ್ಟೇ ಬೇಸ್

ಸಬ್‌ವೂಫರನ್ನು ತಾವೇ ಮಾಡಿಕೊಳ್ಳುವವರನ್ನು ಕಂಡರೆ, ಕಾಸು ಉಳಿಸಲು ಹೊರಟಿದ್ದಾರೆ ಎಂದುಕೊಳ್ಳುವವರೇ ಹೆಚ್ಚು. ಕಾಸು ಉಳಿದರೂ ಉಳಿಯಬಹುದು, ಆದರೆ ಅಸಲಿ ಲಾಭ ಬೇರೆ ಇದೆ: ಅಂಗಡಿಯಲ್ಲಿ ಸುಲಭಕ್ಕೆ ಸಿಗದಷ್ಟು ದೊಡ್ಡ ಪೆಟ್ಟಿಗೆ ನಮ್ಮದಾಗುತ್ತದೆ. ಪಿಯಾನೋದ ಅತಿ ಕೆಳಗಿನ ಸ್ವರ 27.5 ಹರ್ಟ್ಜ್, ಸಿನಿಮಾದ ಸ್ಫೋಟಗಳು ಅದಕ್ಕಿಂತಲೂ ಕೆಳಗಿಳಿಯುತ್ತವೆ. ಕಂಪನಾಂಕ ಅರ್ಧಕ್ಕಿಳಿದಾಗಲೆಲ್ಲ, ಅಷ್ಟೇ ಸದ್ದು ಬೇಕಿದ್ದರೆ ಕೋನ್ ನಾಲ್ಕು ಪಟ್ಟು ಅಲುಗಬೇಕು. 80 ಹರ್ಟ್ಜ್‌ಗೆ ಅರ್ಧ ಮಿಲಿಮೀಟರ್ ಸಾಕಾದರೆ 20 ಹರ್ಟ್ಜ್‌ಗೆ 8 ಮಿಲಿಮೀಟರ್ ಬೇಕು. ಪುಟ್ಟ ಪೆಟ್ಟಿಗೆ, ಆಳದ ಬೇಸ್, ಕಡಿಮೆ ಪವರ್‌ಗೇ ಜೋರು ಸದ್ದು, ಈ ಮೂರರಲ್ಲಿ ಎರಡನ್ನಷ್ಟೇ ಆರಿಸಿಕೊಳ್ಳಬಹುದು ಎಂಬುದು ಸ್ಪೀಕರ್ ಕಟ್ಟುವವರೆಲ್ಲ ಬಲ್ಲ ಹಾಫ್‌ಮನ್ ನಿಯಮ. ಸಾಗಣೆ ಖರ್ಚು, ಗಿರಾಕಿಯ ಹಾಲಿನ ಅಂದಚೆಂದ ಎರಡನ್ನೂ ನೋಡಬೇಕಾದ ಕಂಪನಿ ಸಹಜವಾಗಿ ಪುಟ್ಟ ಪೆಟ್ಟಿಗೆಯ ಕಡೆ ವಾಲುತ್ತದೆ.

ಪುಟ್ಟದಾದರೆ ಏನಾಗುತ್ತದೆ ಎಂಬುದನ್ನು ಪೋರ್ಟ್, ಅಂದರೆ ಗಾಳಿ ಆಡುವ ಪೈಪು, ಇರುವ ಪೆಟ್ಟಿಗೆಯಲ್ಲೇ ನೋಡಬಹುದು. 60 ಲೀಟರಿನ ಪೆಟ್ಟಿಗೆಯನ್ನು 25 ಹರ್ಟ್ಜ್‌ಗೆ ಟ್ಯೂನ್ ಮಾಡಲು 10 ಸೆಂ.ಮೀ. ವ್ಯಾಸದ, ಸುಮಾರು 55 ಸೆಂ.ಮೀ. ಉದ್ದದ ಪೈಪು ಬೇಕು. ನಾಲ್ಕಿಂಚಿನ ಪಿವಿಸಿ ಪೈಪಿಗೆ ಒಂದು ಎಲ್ಬೋ ಹಾಕಿದರೆ ಒಳಗೆ ಕೂರುತ್ತದೆ. ಪೆಟ್ಟಿಗೆಯನ್ನು 30 ಲೀಟರಿಗೆ ಇಳಿಸಿ ನೋಡಿ, ಅದೇ ಪೈಪು ಒಂದು ಮೀಟರನ್ನೂ ದಾಟುತ್ತದೆ, ಇಡಲು ಜಾಗವೇ ಇರುವುದಿಲ್ಲ. ಪೈಪನ್ನು ಸಣ್ಣದು ಮಾಡಿದರೆ ಉದ್ದವೇನೋ ತಗ್ಗುತ್ತದೆ; ಆದರೆ ವಾಲ್ಯೂಮ್ ಏರಿಸಿದೊಡನೆ ಗಾಳಿ ಬುಸುಗುಟ್ಟುತ್ತದೆ.

ಇದೆಲ್ಲ ಎಂಜಿನಿಯರುಗಳ ಕೆಲಸವಲ್ಲವೇ ಎಂದು ಕೇಳಬಹುದು. ಒಂದು ಕಾಲಕ್ಕೆ ಹೌದು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಈ ಲೆಕ್ಕಕ್ಕೆ ಒಂದು ಕ್ರಮ ಕೊಟ್ಟರು. ಒಳ್ಳೆಯ ಡ್ರೈವರಿನ (ಪೆಟ್ಟಿಗೆಯೊಳಗೆ ಕೂರಿಸುವ, ಕೋನ್ ಇರುವ ಸ್ಪೀಕರಿನ) ಜೊತೆಗೆ ಬರುವ ಹಾಳೆಯಲ್ಲಿ ಎಫ್‌ಎಸ್, ಕ್ಯುಟಿಎಸ್, ವಿಎಎಸ್ ಎಂಬ ಅಂಕಿಗಳಿರುತ್ತವೆ. ಪುಕ್ಕಟೆ ಸಾಫ್ಟ್‌ವೇರಿಗೆ ಅವನ್ನು ಕೊಟ್ಟರೆ ಎಷ್ಟು ಲೀಟರ್, ಎಷ್ಟು ಉದ್ದದ ಪೈಪು ಎಂಬುದು ತಿಳಿಯುತ್ತದೆ. ಆ ಹಾಳೆ ಇಲ್ಲದ ಡ್ರೈವರನ್ನು ವ್ಯಾಟಿನ ಅಂಕಿಗೆ ಮರುಳಾಗಿ ಕೊಳ್ಳುವುದು ದಡ್ಡತನ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಂಪ್ಲಿಫೈಯರ್ ಬೋರ್ಡು ಸಿಗುತ್ತದೆ, 18 ಮಿ.ಮೀ. ಪ್ಲೈವುಡ್ ಕೊಯ್ದು ಕೊಡಲು ಬಡಗಿಯಿದ್ದಾರೆ. ಮೂಲೆಗಳಲ್ಲಿ ಗಾಳಿ ಸೋರದಂತೆ ಅಂಟು ಬಳಿಯುವ ತಾಳ್ಮೆಯನ್ನಂತೂ ನಾವೇ ತರಬೇಕು.

ಆದರೂ ಎರಡು ಆಕ್ಷೇಪಗಳಲ್ಲಿ ಹುರುಳಿದೆ. ಟ್ಯೂನ್ ಮಾಡಿದ ಕಂಪನಾಂಕದ ಕೆಳಗೆ ಪೋರ್ಟ್ ಪೆಟ್ಟಿಗೆಯ ಕೋನ್‌ಗೆ ಗಾಳಿಯ ತಡೆ ಇರುವುದಿಲ್ಲ, ಅದು ಹದ್ದು ಮೀರಿ ಅಲುಗಿ ಕೆಡಬಹುದು. ಆಳದ ಸದ್ದನ್ನು ತಡೆಯುವ ಫಿಲ್ಟರ್ ಹಾಕಿದರೆ ಇದಕ್ಕೆ ಪರಿಹಾರವುಂಟು. ಫಿಲ್ಟರ್ ಬೇಡವೆನ್ನುವವರು ಮುಚ್ಚಿದ ಪೆಟ್ಟಿಗೆ ಮಾಡಿಕೊಂಡು ಒಂದಿಷ್ಟು ಸದ್ದು ಬಿಟ್ಟುಕೊಡಲಿ. ಎರಡನೆಯದು ನೆರೆಮನೆಯವರದು. 20 ಹರ್ಟ್ಜ್‌ನ ಅಲೆ 17 ಮೀಟರ್ ಉದ್ದ, ಕಿಟಕಿಯ ಪರದೆಗಾಗಲಿ ಗೋಡೆಗೆ ಅಂಟಿಸಿದ ತೆಳು ಫೋಮಿಗಾಗಲಿ ಅದು ಬಗ್ಗುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇದಕ್ಕೆ ಅಗ್ಗದ ಪರಿಹಾರವಿಲ್ಲ. ಅವರು ಒಳ್ಳೆಯ ಹೆಡ್‌ಫೋನ್ ಕೊಳ್ಳುವುದೇ ವಾಸಿ.