ಕಂಚಿನ ಹಂಸ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ನಮ್ಮ ವಾಚಕರು ತಮ್ಮ ಮನೆಯ ಹಳೆಯ ದೀಪವನ್ನು ಒಮ್ಮೆ ನಿಟ್ಟಿಸಿ ನೋಡಬೇಕು. ಕಂಬದ ತುದಿಯಲ್ಲಿ ಹಂಸವೋ ನವಿಲೋ ಕುಳಿತಿರುವುದು. ಅಡಿಯಲ್ಲಿ ಕಮಲವು ಅರಳಿರುವುದು. ತೂಗುಮಣೆಯ ಸರಪಳಿಯಲ್ಲಿಯೂ ಗಿಳಿ, ಆನೆಗಳು ಸಾಲುಗೊಂಡಿರುವುವು.

ಹೀಗೆ ಕಾಡನ್ನೂ ಕೆರೆಯನ್ನೂ ಮನೆಯೊಳಕ್ಕೆ ತಂದವರು ಎರಕದ ಆಚಾರ್ಯರು. ತಾಮ್ರಕ್ಕೆ ತವರ ಬೆರೆತರೆ ಕಂಚು, ಸತು ಬೆರೆತರೆ ಹಿತ್ತಾಳೆ. ಮೊದಲು ಅವರು ಮೇಣದಲ್ಲಿ ಹಕ್ಕಿಯ ಗರಿಗರಿಯನ್ನೂ ತಿದ್ದಿ, ಮೇಲೆ ನುಣುಪಾದ ಮಣ್ಣನ್ನು ಪದರಪದರವಾಗಿ ಬಳಿದು ನೆರಳಿನಲ್ಲಿ ಒಣಗಿಸುವರು. ಬಳಿಕ ಕಾಸಿ ಮೇಣವನ್ನು ಹೊರಕ್ಕೆ ಹರಿಸಿ, ಬರಿದಾದ ಎಡೆಯಲ್ಲಿ ಕರಗಿದ ಲೋಹವನ್ನು ಹೊಯ್ಯುವರು. ಮಣ್ಣನ್ನು ಒಡೆದ ಹೊರತು ಹಕ್ಕಿಯು ಹೊರಬಾರದು. ಆದಕಾರಣ ಒಂದು ಅಚ್ಚಿಗೆ ಒಂದೇ ಹಂಸ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಈ ವಿಧಾನವೂ, ಮೇಣವನ್ನು ತೂಗಿ ಲೋಹದ ಪ್ರಮಾಣವನ್ನು ಗೊತ್ತುಮಾಡುವ ಕ್ರಮವೂ ಉಕ್ತವಾಗಿವೆ. ಮಂಡ್ಯ ಜಿಲ್ಲೆಯ ನಾಗಮಂಗಲವು ಈ ಕೆಲಸಕ್ಕೆ ಹೆಸರಾದ ಊರು. ಕರ್ನಾಟಕದ ಕಂಚಿನ ಸಾಮಾನಿಗೆ ಭೌಗೋಳಿಕ ಸೂಚನೆಯ ಮಾನ್ಯತೆಯೂ ದೊರೆತಿದೆ.

ಹೀಗಿರಲು, ಅಜ್ಜಿಯ ಕಾಲದ ದೀಪವನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡುವುದನ್ನು ಕಂಡಾಗ ನಮಗೆ ವ್ಯಥೆಯಾಗುತ್ತದೆ. ತಕ್ಕಡಿಯು ಲೋಹವನ್ನು ತೂಗಬಲ್ಲುದು. ಗರಿಯನ್ನು ತಿದ್ದಿದ ಬೆರಳಿನ ನೈಪುಣ್ಯವನ್ನು ತೂಗಲಾರದು. ಇರುವ ದೀಪವನ್ನು ಹುಣಿಸೆಹಣ್ಣಿನಿಂದ ಬೆಳಗಿ ಉಳಿಸಿಕೊಳ್ಳಿರಿ. ಹೊಸದು ಬೇಕಾದರೆ ಆಚಾರ್ಯರ ಬಾಗಿಲಿಗೆ ಹೋಗಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ನಾಲ್ಕು ಕೊಂಬಿನ ಕೊಂಡುಕುರಿಯನ್ನೋ, ಚನ್ನಗಿರಿಯ ಸೂಳೆಕೆರೆಯ ಕೊಕ್ಕರೆಯನ್ನೋ ಎರಕ ಹೊಯ್ದು ಕೊಡಿರೆಂದು ಕೇಳಿರಿ. ಅವರ ಮಕ್ಕಳು ನಾಳೆ ಕುಲುಮೆಯ ಮುಂದೆ ಕೂರುವರೋ ಇಲ್ಲವೋ ಎಂಬುದು ನಮ್ಮ ಗೃಹಸ್ಥರ ಕೈಯಲ್ಲಿದೆ.