ಒಂಬತ್ತು ನಿಮಿಷದಲ್ಲಿ ನಾಲ್ಕು ಚಿನ್ನ

ಮನುಷ್ಯನ ಎರಡು ಕಾಲುಗಳ ತೂಕ ಇಡೀ ದೇಹದ ತೂಕದಲ್ಲಿ ಮೂರನೇ ಒಂದು ಪಾಲಿಗೆ ಹತ್ತಿರ. 54 ಕೆ.ಜಿ. ತೂಗುವ ಈಜುಗಾರ್ತಿ ನೀರಿನಲ್ಲಿ ತಲೆಕೆಳಗಾಗಿ ನಿಂತು ಕಾಲುಗಳನ್ನು ಸೊಂಟದವರೆಗೆ ಹೊರಗೆತ್ತಿದರೆ, ಅಲ್ಲಿಯವರೆಗೆ ನೀರೇ ಹೊತ್ತಿದ್ದ ಸುಮಾರು 18 ಕೆ.ಜಿ. ಭಾರ ಒಮ್ಮೆಗೇ ಅವಳ ಅಂಗೈಗಳ ಪಾಲಿಗೆ ಬರುತ್ತದೆ. ಕೊಳದ ತಳ ಮುಟ್ಟುವಂತಿಲ್ಲ. ಮೂಗಿಗೆ ಕ್ಲಿಪ್ಪು, ಉಸಿರು ಬಂದ್. ಕೆಳಗೆ ಕೈಗಳು ಬಿಡುವಿಲ್ಲದೆ ನೀರನ್ನು ತಳ್ಳುತ್ತಿದ್ದರೂ ಮೇಲೆ ಪಾದದ ತುದಿ ಕದಲಬಾರದು.

ಜಪಾನಿನ ಸಿಂಕ್ರನೈಸ್ಡ್ ಈಜುಗಾರ್ತಿ ಯುಕಿಕೊ ಇನುಯಿ ಬಾಳಿನ ಬಹುಪಾಲು ಕಳೆದದ್ದು ಈ ಭಾರ ಹೊರುವುದರಲ್ಲೇ. ಹುಟ್ಟಿದ್ದು 1990ರಲ್ಲಿ, ಬಿವಾ ಸರೋವರದ ದಂಡೆಯ ಒಮಿಹಚಿಮಾನ್ ಊರಿನಲ್ಲಿ.

ಸಿಂಕ್ರನೈಸ್ಡ್ ಈಜು ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಅಲ್ಲಿಂದ 2008ರವರೆಗೆ ಏಳು ಕೂಟ, ಏಳರಲ್ಲೂ ಜಪಾನಿಗೆ ಪದಕ. ಮೊದಲ ಆರರಲ್ಲಿ ತಂಡವನ್ನು ತಿದ್ದಿದವರು ಮಸಾಯೊ ಇಮುರಾ. ಆ ಸರಪಳಿ ಕಡಿದದ್ದು 2012ರ ಲಂಡನ್‌ನಲ್ಲಿ, ಇನುಯಿ ಅವರ ಮೊದಲ ಒಲಿಂಪಿಕ್ಸ್‌ನಲ್ಲೇ. ಆಗ ಇಮುರಾ ಚೀನಾದ ಕೋಚ್. ತಂಡ ವಿಭಾಗದ ಬೆಳ್ಳಿ ಚೀನಾಕ್ಕೆ ಹೋಯಿತು. ಇಮುರಾ ಮರಳಿ ಬಂದ ಮೇಲೆ, 2016ರ ರಿಯೊದಲ್ಲಿ ಇನುಯಿ ಅವರಿಗೆ ಎರಡು ಕಂಚು. ತವರಿನ ಟೋಕಿಯೊದಲ್ಲಿ ಜೋಡಿಯಲ್ಲೂ ನಾಲ್ಕನೆಯ ಸ್ಥಾನ, ತಂಡದಲ್ಲೂ ನಾಲ್ಕನೆಯ ಸ್ಥಾನ. ವಯಸ್ಸು 30. ಅಲ್ಲಿಗೆ ಕೊಳ ಬಿಟ್ಟಿದ್ದರೂ ಯಾರೂ ತಪ್ಪು ಎನ್ನುತ್ತಿರಲಿಲ್ಲ.

ಅವರು ಬಿಡಲಿಲ್ಲ. 2022ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಏಕವ್ಯಕ್ತಿ ವಿಭಾಗದ ಟೆಕ್ನಿಕಲ್ ಮತ್ತು ಫ್ರೀ ಎಂಬ ಎರಡೂ ಸ್ಪರ್ಧೆಗಳಲ್ಲಿ ಚಿನ್ನ ಗೆದ್ದರು. ಈ ಕ್ರೀಡೆಯಲ್ಲಿ ಜಪಾನ್ ವಿಶ್ವ ಚಿನ್ನ ಕಂಡು 21 ವರ್ಷವಾಗಿತ್ತು. ಹಿಂದಿನದು 2001ರಲ್ಲಿ, ಫುಕುಒಕಾದಲ್ಲಿ ಮಿಯಾ ತಾಚಿಬಾನಾ ಮತ್ತು ಮಿಹೊ ತಾಕೆದಾ ಜೋಡಿಯದು. ಇನುಯಿ ಆಗ ಹತ್ತು ವರ್ಷದ ಹುಡುಗಿ. ಅದೇ ಫುಕುಒಕಾಕ್ಕೆ 2023ರಲ್ಲಿ ಚಾಂಪಿಯನ್‌ಷಿಪ್ ಮರಳಿತು. ಮತ್ತೆ ಎರಡು ಚಿನ್ನ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಈ ಎರಡು ಕೂಟಗಳ ನಡುವೆ ನಡೆದ ಸಂಗತಿ. ಬುಡಾಪೆಸ್ಟ್‌ನಲ್ಲಿ ಅಂಕಕ್ಕೆ 100ರ ಮಿತಿಯಿತ್ತು. ಮರುವರ್ಷ ಲೆಕ್ಕದ ಪದ್ಧತಿಯೇ ಬದಲಾಯಿತು. ಯಾವ ಭಂಗಿ, ಎಷ್ಟು ಸುತ್ತು ಎಂಬುದನ್ನು ಮೊದಲೇ ಬರೆದುಕೊಡಬೇಕು. ಹೇಳಿದಂತೆ ಮಾಡದಿದ್ದರೆ ಆ ಭಾಗದ ಬೆಲೆ ತಳಕ್ಕೆ ಕುಸಿಯುತ್ತದೆ. 32ರ ವಯಸ್ಸಿನಲ್ಲಿ, ದಶಕಗಳ ರೂಢಿಯನ್ನು ಕೆಲವೇ ತಿಂಗಳಲ್ಲಿ ಹೊಸ ಲೆಕ್ಕಕ್ಕೆ ಹೊಂದಿಸಿಕೊಂಡು, ಮತ್ತೆ ಅದೇ ಎರಡು ಪಟ್ಟ!

ಟೆಕ್ನಿಕಲ್‌ಗೆ ಎರಡು ನಿಮಿಷ, ಫ್ರೀಗೆ ಎರಡೂವರೆಯ ಒಳಗೆ. ನಾಲ್ಕು ಫೈನಲ್‌ಗಳನ್ನು ಕೂಡಿದರೆ ಸುಮಾರು ಒಂಬತ್ತು ನಿಮಿಷ. ಫಿಲ್ಟರಿನಲ್ಲಿ ಡಿಕಾಕ್ಷನ್ ಪೂರ್ತಿ ಇಳಿಯುವ ಮೊದಲೇ ನಾಲ್ಕೂ ಚಿನ್ನ ಮುಗಿದಿರುತ್ತವೆ.

ಈ ನಾಲ್ಕರಲ್ಲಿ ಒಂದಕ್ಕೂ ಒಲಿಂಪಿಕ್ಸ್‌ನಲ್ಲಿ ಜಾಗವಿಲ್ಲ. ಅಲ್ಲಿ ಇರುವುದು ಜೋಡಿ ಮತ್ತು ತಂಡ ಮಾತ್ರ. ಏಕವ್ಯಕ್ತಿ ಸ್ಪರ್ಧೆ ಕೊನೆಯ ಬಾರಿ ನಡೆದದ್ದು 1992ರ ಬಾರ್ಸಿಲೋನಾದಲ್ಲಿ. ಇನುಯಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.